ಅರ್ಧ ಗುಳಿಗೆ

ತಲೆಗೆ ಯಂತ್ರದಿಂದ ಸಣ್ಣಗೆ ಕರೆಂಟು ಕೊಟ್ಟರೆ ನೋವಿನ ಮದ್ದು ಮಾರ್ಫಿನ್ ಇಮ್ಮಡಿ ಕೆಲಸ ಮಾಡುತ್ತದೆಂದು ಅಮೆರಿಕದ ಚಾರ್ಲ್ಸ್‌ಟನ್ನಿನ ಆಸ್ಪತ್ರೆಯವರು ಅರ್ಲೀನಳ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದ್ದರು. ಈಗ ಪ್ರಯೋಗ ಮುಗಿಯಿತೆಂದು ಆ ಯಂತ್ರವನ್ನು ಒಯ್ಯಲು ಬಂದರು. ಗುಳಿಗೆ ಅರ್ಧವೇ ಉಳಿಯಿತು.

ಅವಳ ಹಣೆಯ ಮೇಲೆ ಕರೆಂಟು ಹಾಯಿಸುವ ಉಪ್ಪುನೀರಿನ ಸ್ಪಂಜು ಇನ್ನೂ ತೇವವಾಗಿತ್ತು. ಎಲುಬಿನ ಕ್ಯಾನ್ಸರಿನ ನೋವು ಸದ್ಯಕ್ಕೆ ಮಲಗಿತ್ತು. ಯಂತ್ರ ನೋಡಿಕೊಳ್ಳುವ ಟ್ರೆಂಟ್ ಸ್ಪಂಜನ್ನು ತಲೆಗೆ ಬಿಗಿದಿದ್ದ ಪಟ್ಟಿ ಬಿಚ್ಚಲು ಕೈ ಚಾಚಿದ.

"ಮಿಸ್ ಅರ್ಲೀನ್, ಇದನ್ನ ವಾಪಸ್ ಕೊಡ್ಬೇಕು."

"ನನ್ನ ಇನ್ನರ್ಧ ಗುಳಿಗೆ?"

"ಅದಕ್ಕೆ ಬೇರೆ ಡಾಕ್ಟರು. ಹೆಚ್ಚಿಸಿದ್ರೆ ಚಟ ಹತ್ತುತ್ತೆ ಅಂತಾರೆ."

"ಸಾಯೋಳಿಗೆ ಚಟದ ಭಯಾನಾ, ಮಗಾ?" ಅವಳು ನಗಲು ನೋಡಿದಳು, ಅದಕ್ಕೂ ತ್ರಾಣವಿರಲಿಲ್ಲ.

ಟ್ರೆಂಟ್ ಕಣ್ಣು ತಪ್ಪಿಸಿದ. "ಸ್ವಲ್ಪ ತಲೆ ಎತ್ತಿ, ಪ್ಲೀಸ್."

ಅರ್ಲೀನ್ ಎರಡೂ ಕೈಗಳಿಂದ ಪಟ್ಟಿಯನ್ನು ಬಿಗಿಹಿಡಿದು ತಲೆಯನ್ನು ದಿಂಬಿಗೆ ಒತ್ತಿದಳು.

"ಎತ್ತಲ್ಲ."