ಶಾಂತಲಾಳ ಸಾಕ್ಷಿ

"ಏನ್ರಿ ಅದು? ಏನು ಹಾಕಿದ್ರಿ ಹಾಲಿಗೆ?"

ಹಾಲೇಶಪ್ಪ ತಟ್ಟನೆ ತಿರುಗಿದ. ಲೋಟದೊಳಗಿದ್ದ ಚಮಚ ಟಣ್ಣೆಂದಿತು. ಬಚ್ಚಲಲ್ಲಿ ಇದ್ದಾಳೆಂದು ಅವನು ತಿಳಿದಿದ್ದ ಹೆಂಡತಿ ಕಮಲಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಟ್ಟೆಯ ಮೇಲೆ ಬಿಚ್ಚಿಟ್ಟ ಪೊಟ್ಟಣದಲ್ಲಿ ಚಿಟಿಕೆ ಬಿಳಿ ಪುಡಿ ಉಳಿದಿತ್ತು.

"ವಿಭೂತಿ," ಎಂದ ಅವನು. "ಉಕ್ಕಡಗಾತ್ರಿ ಅಜ್ಜಯ್ಯನ ಗುಡೀದು."

ಕಮಲಕ್ಕ ಲೋಟ ಕಸಿದುಕೊಂಡು ಮೋರಿಗೆ ಸುರಿದಳು. ಪೊಟ್ಟಣವನ್ನೂ ಎಸೆದಳು.

"ಮಗಳು ಗುಣ ಆಗಿದ್ದು ನಿಮ್ಗೆ ಬ್ಯಾಡೇನು? ಎರಡು ದೇವ್ರಿಗೆ ಕೈ ಮುಗಿದ್ರೆ ಹೋದ ರೋಗ ತಿರುಗಿ ಬರ್ತದೆ ಅಂತ ಬ್ರದರ್ ಹೇಳಿಲ್ವಾ? ಅಮಾವಾಸಿಗೆ ಅಮಾವಾಸಿಗೆ ಕೆಲ್ಸ ಬಿಟ್ಟು ಹೋಗೋದು ಇದಕ್ಕೇನಾ?"

ಹೊರಗೆ, ವಿನೋಬನಗರದ ಓಣಿಯ ನಲ್ಲಿಯ ಹತ್ತಿರ, ಹನ್ನೆರಡು ವರ್ಷದ ಶಾಂತಲಾ ಗೆಳತಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಅವಳು ಒಮ್ಮೆ ಎಡವಿದಳು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಬಾಗಿಲಿಗೆ ಧಾವಿಸಿದರು. ಶಾಂತಲಾ ನಗುತ್ತಾ ಎದ್ದು ಲಂಗ ಕೊಡವಿಕೊಂಡಳು.

ಮೊದಲು ಹಾಗಿರಲಿಲ್ಲ. ಹತ್ತನೇ ವಯಸ್ಸಿಗೆ ಶುರುವಾದ ಫಿಟ್ಸು. ಬಾಯಲ್ಲಿ ನೊರೆ, ಸೆಟೆದ ಕೈಕಾಲು. ದಾವಣಗೆರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ಮೂರು ವರ್ಷ ಒಂದು ದಿನವೂ ತಪ್ಪಿಸಬಾರದು ಎಂದಿದ್ದರು. ಅಷ್ಟರಲ್ಲಿ ಕಮಲಕ್ಕನಿಗೆ ಗುತ್ತೂರಿನ ಪ್ರಾರ್ಥನಾ ಮಂದಿರದ ಸುದ್ದಿ ಸಿಕ್ಕಿತು. ಕಾರ್ಖಾನೆಗಳ ಹಿಂದೆ, ತಗಡಿನ ಶೆಡ್ಡು. ಎಲ್ಲಿಂದಲೋ ಬಂದ ಬ್ರದರ್ ಅಂಜನ್ ಕುಮಾರ್ ಅಲ್ಲಿ ಭಾನುವಾರ ರೋಗಿಗಳ ತಲೆ ಮೇಲೆ ಕೈ ಇಡುತ್ತಿದ್ದ. ಮಾತ್ರೆ ನುಂಗುವುದೆಂದರೆ ಯೇಸುವನ್ನು ನಂಬದಿರುವುದು ಎನ್ನುತ್ತಿದ್ದ. ಹರಿಹರದ ಹಳೇ ಚರ್ಚಿನ ಫಾದರು, "ಪ್ರಾರ್ಥನೆ ಮಾಡಮ್ಮ, ಆದ್ರೆ ಮಾತ್ರೆ ಬಿಡಬ್ಯಾಡ," ಎಂದದ್ದು ಕಮಲಕ್ಕನಿಗೆ ಹಿಡಿಸಿರಲಿಲ್ಲ.

ಏಳು ತಿಂಗಳ ಹಿಂದೆ, ತೊಂಬತ್ತೆಂಟರ ಯುಗಾದಿ ಕಳೆದ ವಾರ, ಅವಳು ಮಾತ್ರೆಗಳನ್ನೆಲ್ಲ ತುಂಗಭದ್ರೆಗೆ ಸುರಿದಳು. ಹಾಲೇಶಪ್ಪ ಅವಳ ಕೈ ಹಿಡಿದಿದ್ದ.

"ತಡೆದ್ರೆ ಮಗಳನ್ನ ಕರ್ಕೊಂಡು ಮಂದಿರದಾಗೇ ಉಳೀತೀನಿ. ನೀವು ಮುಖ ನೋಡಂಗಿಲ್ಲ."

ಅವನು ಕೈ ಬಿಟ್ಟಿದ್ದ.

ಅಂದಿನಿಂದ ಶಾಂತಲಾಳಿಗೆ ಒಮ್ಮೆಯೂ ಫಿಟ್ಸು ಬಂದಿರಲಿಲ್ಲ. ಬ್ರದರ್ ಅವಳನ್ನು ಪ್ರತಿ ಭಾನುವಾರ ಮೇಜಿನ ಮೇಲೆ ನಿಲ್ಲಿಸಿ ಸಾಕ್ಷಿ ಹೇಳಿಸುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು, ಅಳುತ್ತಿದ್ದರು. ಮುನ್ನೂರು ಜನ ಹಿಡಿಸುವ ಶೆಡ್ಡಿಗೆ ಈಗ ಐನೂರು ಜನ ಬರುತ್ತಿದ್ದರು.

ಹಾಗೆ ಬಂದವರಲ್ಲಿ ಹರಿಹರದ ಅನ್ನಪೂರ್ಣಮ್ಮ ಒಬ್ಬಳು. ಜೊತೆಗೆ ಮಗಳು ವಾಣಿ, ಹತ್ತೊಂಬತ್ತರ ಹುಡುಗಿ, ಹೊಲಿಗೆ ಕಲಿಯುತ್ತಿದ್ದಳು. ಅದೇ ರೋಗ. ದಸರೆಯ ಹೊತ್ತಿಗೆ ಒಂದು ಭಾನುವಾರ ವಾಣಿ ಹಾಲೇಶಪ್ಪನನ್ನು ಶೆಡ್ಡಿನ ಹೊರಗೆ ನಿಲ್ಲಿಸಿ ಕೇಳಿದಳು.

"ಅಣ್ಣಾ, ಖರೇನಾ? ಶಾಂತಲಾಗೆ ಪೂರಾ ನಿಂತೈತಾ?"

ಹಾಲೇಶಪ್ಪ ಚಪ್ಪಲಿ ನೋಡಿಕೊಂಡ. ಕಮಲಕ್ಕ ಪಕ್ಕದಲ್ಲೇ ಇದ್ದಳು.

"ಬಂದಿಲ್ಲಮ್ಮ. ಆರು ತಿಂಗಳಾತು, ಬಂದಿಲ್ಲ."

ವಾಣಿಯ ಕಣ್ಣು ತುಂಬಿದವು.

"ಆದ್ರೂ... ಡಾಕ್ಟ್ರನ್ನ ಒಂದ್ಮಾತು ಕೇಳು," ಎಂದ ಅವನು, ತಗ್ಗಿದ ದನಿಯಲ್ಲಿ.

"ಕಣ್ಮುಂದೇನೇ ಶಾಂತಲಾ ಅದಾಳಲ್ಲಣ್ಣ. ಡಾಕ್ಟ್ರನ್ನ ಏನು ಕೇಳೋದು?" ಎಂದು ನಕ್ಕು ವಾಣಿ ಒಳಗೆ ಓಡಿದಳು.

ಅಂದು ಗಂಡನ ಬಾಯಲ್ಲೂ ಸಾಕ್ಷಿ ಬಂತೆಂದು ಕಮಲಕ್ಕ ಹಿಗ್ಗಿದ್ದಳು. ಅದೇ ಗಂಡ ಈಗ ಹಾಲಿಗೆ ಬೂದಿ ಬೆರೆಸಿ ಸಿಕ್ಕಿಬಿದ್ದಿದ್ದ.

ಆ ಸೋಮವಾರದಿಂದ ಹಾಲು ಕಾಯಿಸುವ ಕೆಲಸ ಅವಳದೇ ಆಯಿತು. ಹಾಲೇಶಪ್ಪ ಜಗಳಕ್ಕೆ ನಿಲ್ಲಲಿಲ್ಲ. ಮಗಳನ್ನು ತಾನೇ ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟುಬರುತ್ತೇನೆಂದ. ದಾರಿಯಲ್ಲಿ ಖಾಜಾ ಹುಸೇನನ ಹೋಟೆಲಿನಲ್ಲಿ ಅವಳಿಗೆ ಬನ್ನು ಚಹಾ ಕೊಡಿಸುತ್ತಿದ್ದ. "ಭಾನುವಾರ ಎಲ್ರ ಮುಂದೆ ತಪ್ಪೊಪ್ಪಿಕೊಳ್ರಿ. ಬ್ರದರ್‌ಗೆ ಹೇಳೀನಿ," ಎಂದಳು ಕಮಲಕ್ಕ. ಅವನು ತಲೆಯಾಡಿಸಿದ.

ಭಾನುವಾರ ಶೆಡ್ಡು ಕಿಕ್ಕಿರಿದಿತ್ತು. ಶಾಂತಲಾ ಆಗಲೇ ಮೇಜಿನ ಮೇಲೆ ನಿಂತಿದ್ದಳು. ಬ್ರದರ್ ಮೈಕು ಹಿಡಿದು, "ಈ ಮಗುವಿನ ತಂದೆ ಇವತ್ತು ನಿಮ್ಮ ಮುಂದೆ ಒಂದು ಪಾಪ ಅರಿಕೆ ಮಾಡ್ಕೊಳ್ತಾರೆ," ಎಂದ. ಹಾಲೇಶಪ್ಪ ಎದ್ದ.

ಅಷ್ಟರಲ್ಲಿ ಬಾಗಿಲ ಕಡೆ ಗದ್ದಲವೆದ್ದಿತು. ಜನ ಇಬ್ಭಾಗವಾದರು. ಕೆದರಿದ ತಲೆಯ ಅನ್ನಪೂರ್ಣಮ್ಮ ನಡೆದು ಬರುತ್ತಿದ್ದಳು.

"ವಾಣಿ ಎಲ್ಲಿ?" ಎಂದಳು ಕಮಲಕ್ಕ.

"ಶುಕ್ರವಾರ ಬಟ್ಟೆ ಒಗೀಲಿಕ್ಕೆ ಹೊಳಿಗೆ ಹೋಗಿದ್ಲು. ಮೊಣಕಾಲುದ್ದ ನೀರು. ಅಲ್ಲೇ ಫಿಟ್ಸ್ ಬಂತು." ಅವಳ ದನಿಯಲ್ಲಿ ಅಳು ಇರಲಿಲ್ಲ. "ನಿನ್ನೆ ಮಣ್ಣು ಮಾಡಿದ್ವಿ."

ಶೆಡ್ಡಿನಲ್ಲಿ ಕೂಸೊಂದು ಅತ್ತಿತು. ಬ್ರದರ್ ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

"ತಾಯೀ, ದೇವರಲ್ಲಿ ತಪ್ಪಿಲ್ಲ. ವಿಶ್ವಾಸದಲ್ಲಿ ಎಲ್ಲೋ ಕಮ್ಮಿ ಆಗಿರ್ತದೆ. ಇಲ್ಲಿ ನೋಡಿ, ಈ ಮಗು ನೋಡಿ."

ಅನ್ನಪೂರ್ಣಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಶಾಂತಲಾ ಹೆದರಿ ಅಪ್ಪನ ಕಡೆ ತಿರುಗಿದಳು.

"ಒಂದೂವರೆ ತಿಂಗಳು ಒಂದು ಮಾತ್ರೆ ಮುಟ್ಟಲಿಲ್ಲ ನನ್ನ ಮಗಳು. ಉಪವಾಸ ಮಾಡಿದ್ಲು. ಮೊಣಕಾಲು ಊದೋ ತನಕ ಪ್ರಾರ್ಥನೆ ಮಾಡಿದ್ಲು," ಎಂದಳು ಅನ್ನಪೂರ್ಣಮ್ಮ. "ಈ ಹುಡುಗಿಗೆ ಇದ್ದ ವಿಶ್ವಾಸಕ್ಕಿಂತ ನನ್ನ ವಾಣಿಗೆ ಏನು ಕಮ್ಮಿ ಇತ್ತು? ಯಾರಾದ್ರೂ ಹೇಳ್ರಿ."

ಬ್ರದರ್ ಹಾಲೇಶಪ್ಪನ ಕಡೆ ಮೈಕು ಚಾಚಿದ. ಹಾಲೇಶಪ್ಪ ಅದನ್ನು ಮುಟ್ಟಲಿಲ್ಲ. ಅನ್ನಪೂರ್ಣಮ್ಮನ ಕಾಲ ಬಳಿ ಕುಸಿದು ಕೂತ.

"ಏನೂ ಕಮ್ಮಿ ಇರಲಿಲ್ಲ ಅಕ್ಕಾ. ನನ್ನ ಮಗಳು ಒಂದು ದಿನಾನೂ ಮಾತ್ರೆ ಬಿಟ್ಟಿಲ್ಲ."