ಕೌದಿಯೊಳಗಿನ ಉಸಿರು

ನಾಳೆ ಮನೆಮಂದಿಯೆಲ್ಲ ಗಾಜಿನ ಮನೆಯೊಳಗೆ ಬೆಳೆಸಿದ ಮಳೆವನ ನೋಡಲು ಹೊರಡುವವರಿದ್ದರು. ಮಳೆ ಬೀಳುವುದು, ಬಾಳೆ ಗೊನೆ ಹಾಕುವುದು ಈಗ ಅಲ್ಲೊಂದೇ ಕಡೆ. ಆದರೆ ಒಣಗಾಳಿಯಲ್ಲಿ ಹುಟ್ಟಿದ ಮಕ್ಕಳಿಗೆ ಅಲ್ಲಿನ ಹಸಿಗಾಳಿ ಒಗ್ಗುತ್ತಿರಲಿಲ್ಲ. ಕೆಮ್ಮಿದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಅದಕ್ಕೇ ಓಣಿಯ ಉಳಿದ ತಾಯಂದಿರಂತೆ ಪಾರವ್ವನೂ ಮಗಳು ಚಂಪಾಳನ್ನು ದಿನವೂ ಬಿಸಿನೀರಿನ ಹಂಡೆಯ ಮುಂದೆ ಕೂರಿಸಿ, ಕೌದಿ ಹೊದಿಸಿ, ಉಗಿ ರೂಢಿ ಮಾಡಿಸುತ್ತಿದ್ದಳು.

"ನಿನ್ನೆ ಕೂಸಿನ ತುಟಿ ನೀಲಿ ಆಗಿದ್ವು. ಸಾಕ್ ಬಿಡು, ಹೋಗೂದs ಬ್ಯಾಡ," ಎಂದ ಗಂಡ ಮುದಕಪ್ಪ, ಬುತ್ತಿಯ ರೊಟ್ಟಿ ಕಟ್ಟುತ್ತ.

"ಮಳಿ ಅಂದ್ರ ಏನಂತ ನನ್ನ ಮಗಳು ಒಂದ್ಸಲನರ ನೋಡಬೇಕ್ರಿ. ಸ್ವಲ್ಪ ಸುಮ್ಕಿರ್ರಿ, ಕೇಳೂಣು."

ಹಂಡೆಯ ಮುಂದೆ ಚಂಪಾ ಕೂತಿದ್ದ ಕೌದಿಯತ್ತ ಇಬ್ಬರೂ ಕಿವಿಗೊಟ್ಟರು. ಬಹಳ ಹೊತ್ತಾದರೂ ಕೆಮ್ಮು ಕೇಳಲಿಲ್ಲ. ಪಾರವ್ವನ ಮುಖ ಅರಳಿತು. "ನೋಡಿದ್ರ್ಯಾ?" ಎನ್ನುತ್ತ ಕೌದಿ ಸರಿಸಿದಳು.

ಚಂಪಾ ಕೆನ್ನೆ ಉಬ್ಬಿಸಿ, ಎರಡು ಬೆರಳಿನಿಂದ ಮೂಗು ಒತ್ತಿ ಹಿಡಿದು ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು. ತಾಯಿಯನ್ನು ಕಂಡವಳೇ ಉಸಿರು ಬಿಟ್ಟು ಏದುತ್ತ ನಕ್ಕಳು.

"ಕೆಮ್ಮಲಿಲ್ಲ ನೋಡವ್ವಾ! ಅಲ್ಲೂ ಹಿಂಗs ಉಸರ ಹಿಡದು ಎಲ್ಲಾ ನೋಡಿ ಬರ್ತೀನಿ. ಮಳಿ ಭಾಳ ಹೊತ್ತು ಬರ್ತದೇನು?"

ಪಾರವ್ವ ಮಗಳನ್ನು ಎದೆಗೆ ಅವಚಿಕೊಂಡಳು.

"ಇಲ್ಲವ್ವಾ," ಎಂದಳು. "ಅಲ್ಲೂ ಈಗ ಮಳಿ ನಿಂತೇತಂತ."