ಕಿವಿಗೆ ಹಾಕಿಕೊಂಡವಳು

ಡಬ್ಬಿಯ ಮುಚ್ಚಳ ತೆಗೆದು ಅವನು ಅತ್ತಿಗೆಯ ಮೂಗಿನ ಮುಂದೆ ಹಿಡಿದ. ಒಳಗೆ ಎಡಕಿವಿಯ ಇಯರ್‌ಬಡ್ ಒಂದೇ ಇತ್ತು. ಬಲಕಿವಿಯದರ ಗುಳಿ ಹಲ್ಲು ಬಿದ್ದ ವಸಡಿನಂತೆ ಖಾಲಿ.

"ಫೋನು, ಡಬ್ಬಿ ಎಲ್ಲ ಮನೇಲೇ ಇದೆ, ಅತ್ತಿಗೆ. ನಿಮ್ಮ ತಂಗಿ ಮಾತ್ರ ಇಲ್ಲ. ನನಗೆ ಭಯ ಆಗ್ತಿದೆ."

ಅತ್ತಿಗೆ ತಲೆ ಎತ್ತಲಿಲ್ಲ. ಸೋಫಾ, ದಿವಾನ ಮಾಡಿ ಮಾರುವ ಗಟ್ಟಿ ಹೆಂಗಸು. ಕಿವಿಯ ಹಿಂದೆ ಪೆನ್ಸಿಲ್, ಕೈಯಲ್ಲಿ ಪಿನ್ನು ಹೊಡೆಯುವ ಗನ್ನು. ಅಂಗಡಿ ತುಂಬ ಸ್ಪಂಜಿನ ಚೂರು, ರೆಕ್ಸಿನ್ ಸುರುಳಿ, ಅಂಟಿನ ಘಾಟು. ನಡುವೆ ಆಳುದ್ದದ ಹೊಸ ದಿವಾನ, ಕೆಳಗೆ ಹಾಸಿಗೆ ಹೊದಿಕೆ ತುಂಬಿಡುವ ಪೆಟ್ಟಿಗೆ ಇರುವಂಥದ್ದು. ಹಿಂಬದಿಯ ಹಲಗೆ ಇನ್ನೂ ಬಡಿದಿರಲಿಲ್ಲ. ಮೂರು ಗಂಟೆಗೆ ಟೆಂಪೊ ಬರುತ್ತದೆ, ಮಾತಿಗೆ ಪುರುಸೊತ್ತಿಲ್ಲ ಎಂದಳು. ನಿಂತು ಮಾಡಬೇಕಾದ ಕೆಲಸವನ್ನು ದಿವಾನದ ಮೇಲೆ ಕೂತೇ ಮಾಡುತ್ತಿದ್ದಳು.

"ಬೆಳಗ್ಗೆಯಿಂದ ಈ ಕಡೆ ಬರಲೇ ಇಲ್ವಾ?"

"ಬಂದಿದ್ರೆ ಹೇಳದೆ ಇರ್ತೀನಾ? ತಲೆ ತಿನ್ನಬೇಡಪ್ಪ."

ಅವಳು ಮೊದಲಿನಿಂದಲೂ ಹೀಗೆಯೇ. ತಂಗಿಯ ಗಂಡನೆಂದರೆ ಮುಖ ಗಂಟು. ಮದುವೆಯಾದಾಗಿನಿಂದ ಒಂದು ಲೋಟ ನೀರು ಬೇಕಾ ಎಂದು ಕೇಳಿದವಳಲ್ಲ.

ಅವನು ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಬಸ್ ನಿಲ್ದಾಣ, ಆಸ್ಪತ್ರೆ, ಅವಳ ಗೆಳತಿಯ ಮನೆ, ಎಲ್ಲ ಸುತ್ತಿದ್ದ. ಪೊಲೀಸ್ ಠಾಣೆಯಲ್ಲಿ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ರಾತ್ರಿಗೆ ಬರುತ್ತಾಳೆ ಹೋಗು ಎಂದು ನಕ್ಕಿದ್ದರು. ಜಗಳವೇ ಆಗಿಲ್ಲ, ಅವಳು ಎದುರು ಮಾತಾಡುವವಳೇ ಅಲ್ಲ ಎಂದು ಇವನು ಹೇಳಿದ್ದ. ಅದು ನಿಜವೂ ಆಗಿತ್ತು.

ಅವನದು ಮೊಬೈಲ್ ರಿಪೇರಿ ಅಂಗಡಿ. ಬೀದಿಯವರು ಇಟ್ಟ ಹೆಸರು ಅಪ್‌ಡೇಟಪ್ಪ. ಯಾರ ಫೋನು ಕೈಗೆ ಬಂದರೂ ಮೊದಲು ಅದರ ಸಾಫ್ಟ್‌ವೇರ್ ಹೊಸದಾಗಬೇಕು. ಹಳೇ ಸಾಫ್ಟ್‌ವೇರ್ ಎಂದರೆ ಚಿಲಕವಿಲ್ಲದ ಬಾಗಿಲು ಎನ್ನುತ್ತಿದ್ದ. ಮನೆಯಲ್ಲೂ ಅಷ್ಟೇ. ಹೆಂಡತಿಯ ಫೋನಿನ ಬೀಗದ ಅಂಕಿ ಅವನೇ ಇಟ್ಟದ್ದು. ಇಯರ್‌ಬಡ್ ಅವನೇ ಕೊಡಿಸಿದ್ದು. ಕರೆ ಮಾಡಿದರೆ ಅವಳು ಗುಂಡಿ ಒತ್ತುವ ಗೋಜಿಲ್ಲದೆ ತಾನೇ ತೆರೆದುಕೊಳ್ಳುವಂತೆ ಮಾಡಿದ್ದ. ಕೈ ಹಿಟ್ಟಾಗಿರಲಿ, ಸೋಪಾಗಿರಲಿ, ಗಂಡನ ಮಾತು ನೇರ ಕಿವಿಗೆ. ಇಷ್ಟು ಮುತುವರ್ಜಿ ಯಾವ ಗಂಡನಿಗಿದೆ ಎಂದು ಪಕ್ಕದ ಮನೆಯವರು ಮೆಚ್ಚಿದ್ದರು.

ಹೋದ ವರ್ಷ ಅವಳ ಬಲಕಿವಿಯ ತಮಟೆ ಹರಿದುಹೋಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಸಿದ್ದರು. ಅಂದಿನಿಂದ ಆ ಕಿವಿಗೆ ಗಾಳಿ ಸೋಕಿದರೂ ಉರಿ, ಸದ್ದು ಮಾತ್ರ ಸೊನ್ನೆ. ಎರಡೂ ಹಾಕಿಕೋ ಎಂದು ಅವನು ಬಡಕೊಂಡರೆ ಅವಳು ಒಂದೇ ಹಾಕಿಕೊಳ್ಳುವಳು, ಅದೂ ಕೇಳದ ಕಿವಿಗೆ, ಹತ್ತಿಯ ಉಂಡೆಯ ಹಾಗೆ. ಏಳುವಾಗಿನಿಂದ ಮಲಗುವವರೆಗೆ ಅದು ಅಲ್ಲೇ.

"ಹೇಳಿದ್ದನ್ನ ಕಿವಿಗೆ ಹಾಕ್ಕೊಳ್ಳೋದೇ ಇಲ್ಲ ಅವಳು," ಎಂದು ಅವನು ಈಗಲೂ ಗೊಣಗಿದ.

ಅತ್ತಿಗೆ ಗೋಡೆ ಗಡಿಯಾರ ನೋಡಿದಳು. ಮೂರಕ್ಕೆ ಇಪ್ಪತ್ತು.

"ಇಲ್ಲಿ ಕೂತು ಏನ್ ಮಾಡ್ತೀಯ? ಮನೆಗೆ ಹೋಗು. ಅವಳೇ ಬಂದಿರಬಹುದು."

ಹೋಗುತ್ತೇನೆ, ಕಾಲು ಸೋತಿದೆ, ಐದು ನಿಮಿಷ ಎಂದು ಅವನು ಸ್ಟೂಲಿನ ಮೇಲೆ ಕುಸಿದ. ಕೈ ಸುಮ್ಮನಿರಲಿಲ್ಲ. ಬಡ್‌ಗೆ ಮೂರು ದಿನದಿಂದ ಅಪ್‌ಡೇಟ್ ಬಾಕಿ ಇದೆ, ಒಂದೊಂದಕ್ಕೆ ಬೇರೆ ಬೇರೆಯಾಗಿಯೂ ಹಾಕಬಹುದು, ಇರುವುದಕ್ಕಾದರೂ ಹಾಕಿಡುತ್ತೇನೆ, ಬಂದಾಗ ಅವಳಿಗೆ ತೊಂದರೆಯಾಗಬಾರದು ಎಂದ. ಅವಳ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯ ವಾಚು ಬಿಚ್ಚತೊಡಗಿದ.

ಪಿನ್ನಿನ ಗನ್ನು ಥಟ್ಟನೆ ನಿಂತಿತು.

"ವಾಚ್ ಯಾಕೆ ಬಿಚ್ತಿದ್ದೀಯ?"

"ನಾನು ಎಡಚ ಅಲ್ವಾ ಅತ್ತಿಗೆ. ಕೆಲಸ ಮಾಡೋ ಕೈ ಮೇಲೆ ಭಾರ ಇರಬಾರದು."

ಅವನು ಯಾವಾಗ ವಾಚು ಬಿಚ್ಚಿಡುತ್ತಾನೆಂದು ತಂಗಿ ಅತ್ತಿಗೆಗೆ ಹೇಳಿದ್ದಳು. ಈ ಸಾಫ್ಟ್‌ವೇರ್, ಗೀಫ್ಟ್‌ವೇರ್ ಅವಳಿಗೆ ಒಂದೂ ತಿಳಿಯದು. ಹಾಳಾಗಿ ಹೋಗಲಿ, ಅದೇನು ಹಾಕ್ತೀಯೋ ಬೇಗ ಹಾಕಿ ಹೊರಡು ಎಂದಳು.

ಅವನು ವಾಚನ್ನು ಮೇಜಿನ ಮೇಲಿಟ್ಟ. ಚಾರ್ಜು ಉಳಿಯಲೆಂದು ಬೆಳಗಿನಿಂದ ಬ್ಲೂಟೂತ್ ಆರಿಸಿದ್ದ, ಈಗ ಹಾಕಿದ. ಪರದೆಯಲ್ಲಿ ಚಕ್ರ ತಿರುಗಿತು. ಎಡ, ಚಾರ್ಜು ತೊಂಬತ್ತು. ಬಲದ ಮುಂದೆ 'ಸಿಗುತ್ತಿಲ್ಲ' ಎಂದು ಬರಬೇಕಿತ್ತು. ಮನೆಯಲ್ಲಿ ಬೆಳಗ್ಗೆ ಬ್ಲೂಟೂತ್ ಆರಿಸುವ ಮುಂಚೆ ಹಾಗೇ ಬಂದಿತ್ತು.

ಬಲ, ನಲವತ್ತೊಂದು.

ಅವನು ಕಣ್ಣು ಕಿರಿದು ಮಾಡಿದ. ಹತ್ತು ಹೆಜ್ಜೆಯಾಚೆ ಇದ್ದರೆ ಅದು ಸಿಗುವ ವಸ್ತುವಲ್ಲ. ಕನೆಕ್ಟ್ ಆದಾಗ ಇಯರ್‌ಬಡ್‌ನೊಳಗೆ ಟಿಣ್ ಎಂದಿರಲೇಬೇಕು, ಕೇಳಬೇಕಾದವರಿಗೆ ಕೇಳಿರಲಿಲ್ಲ. ಕೆಳಗೆ ಇನ್ನೊಂದು ಸಾಲು ಮೂಡಿತು. ಫೋನು ಕನ್ನಡದಲ್ಲಿರಲಿ ಎಂದು ಅವನೇ ಮಾಡಿಕೊಟ್ಟಿದ್ದ.

'ಬಲ ಇಯರ್‌ಬಡ್ ಕಿವಿಯಲ್ಲಿದೆ. ಅಪ್‌ಡೇಟ್ ಮುಂದುವರಿಸಲು ಕಿವಿಯಿಂದ ತೆಗೆದು ಡಬ್ಬಿಯಲ್ಲಿಡಿ.'

ಅವನು ಅತ್ತಿಗೆಯ ಕಿವಿ ನೋಡಿದ. ಪೆನ್ಸಿಲ್ ಇತ್ತು, ಅಷ್ಟೇ. ಆಮೇಲೆ ಅವಳು ಕೂತಿದ್ದ ದಿವಾನವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ನೋಡಿದ.

"ಆಯ್ತೇನಪ್ಪ?"

"ಆಗ್ತಿದೆ ಅತ್ತಿಗೆ." ದನಿ ಬೆಣ್ಣೆಯಂತಿತ್ತು. "ಕಿವಿಯಿಂದ ತೆಗೀಬೇಕಂತೆ."

ಎದ್ದು ಹೋಗಿ ಬೀದಿಬಾಗಿಲಿನ ಅಗುಳಿ ಹಾಕಿದ.

ವಾಚು ಆಗಲೇ ಬಿಚ್ಚಿಟ್ಟಿದ್ದ.